ಒಂದೇ ಆಜ್ಞೆ, ಎರಡು ಕುಲುಮೆಗಳು

ಶಿವಮೊಗ್ಗ ನಗರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗಣಕಶಾಸ್ತ್ರವನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗಳು ಮೊದಲ ವರ್ಷಗಳಲ್ಲಿಯೇ ಎದುರಿಸಬೇಕಾದ ಅಧ್ಯಾಯಗಳ ಪೈಕಿ ಇನ್‌ಹೆರಿಟೆನ್ಸ್ ಎಂಬ ಆನುವಂಶಿಕತೆಯದೂ ಪಾಲಿಮಾರ್ಫಿಸಂ ಎಂಬ ಬಹುರೂಪತೆಯದೂ ಪ್ರಧಾನವಾದವು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಪ್ರಾಣಿಯೆಂಬ ಒಂದು ವರ್ಗವನ್ನು ಕಲ್ಪಿಸಿ, ನಾಯಿಯನ್ನೂ ಬೆಕ್ಕನ್ನೂ ಅದರ ಸಂತಾನವೆಂದು ಕರೆದು, ‘ಕೂಗು’ ಎಂಬ ಒಂದೇ ಆಜ್ಞೆಗೆ ಇವೆರಡೂ ತಮ್ಮತಮ್ಮ ಧ್ವನಿಯಲ್ಲಿ ಉತ್ತರ ಕೊಡುವುದನ್ನು ತೋರಿಸಿ ಮುಂದಿನ ಪಾಠಕ್ಕೆ ಸಾಗುತ್ತವೆ. ಆ ಉದಾಹರಣೆಯಲ್ಲಿ ದೋಷವೇನೂ ಇಲ್ಲ. ಆದರೆ ಈ ವಿಚಾರಗಳು ಯಾವ ಅವಶ್ಯಕತೆಯಿಂದ ಹುಟ್ಟಿದವು, ಯಾರು ಯಾವ ತೊಡಕನ್ನು ಬಿಡಿಸಹೊರಟು ಇವನ್ನು ಕಂಡುಕೊಂಡರು ಎಂಬ ಚರಿತ್ರೆ ಅದರಿಂದ ತಿಳಿಯುವುದಿಲ್ಲ. ಈ ತತ್ತ್ವಗಳು ಪಾಠಶಾಲೆಯ ಹಲಗೆಯ ಮೇಲೆ ಹುಟ್ಟಿದವಲ್ಲ. ಯಂತ್ರಗಳ ಮುಂದೆ ಸರದಿ ಕಾಯುವ ಕೆಲಸಗಳನ್ನೂ, ಸೇತುವೆಯನ್ನು ದಾಟಲು ನಿಂತ ವಾಹನಗಳನ್ನೂ, ಅಂದರೆ ಮನುಷ್ಯರು ಕೂಡಿ ದುಡಿಯುವ ದೊಡ್ಡ ವ್ಯವಸ್ಥೆಗಳನ್ನು ಯಥಾವತ್ತಾಗಿ ವರ್ಣಿಸುವ ಪ್ರಯತ್ನದಲ್ಲಿ ಹುಟ್ಟಿದವು. ಅಂತಹ ಒಂದು ವ್ಯವಸ್ಥೆ ಶಿವಮೊಗ್ಗೆಯಿಂದ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಯಲ್ಲಿ ಒಂದು ಶತಮಾನದಿಂದ ನಿಂತಿರುವಾಗ, ಅದನ್ನು ಬಿಟ್ಟು ಬೇರೆ ಉದಾಹರಣೆಯನ್ನು ಅರಸುವುದು ನಮ್ಮ ವಿದ್ಯಾರ್ಥಿಗಳಿಗೆ ನಷ್ಟವೆಂದೇ ನನ್ನ ಭಾವನೆ.

ಭದ್ರಾವತಿಗೆ ಬೆಂಕಿಪುರವೆಂದು ಹೆಸರಿದ್ದ ಕಾಲದಲ್ಲಿ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ರೈಲುಮಾರ್ಗವು ಬಂದ ಅನಂತರವೂ, ಅದು ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನುಳ್ಳ, ಭದ್ರಾನದಿಯ ದಂಡೆಯ ಒಂದು ಸಣ್ಣ ಊರಾಗಿಯೇ ಇದ್ದಿತು. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಕೆಮ್ಮಣ್ಣುಗುಂಡಿಯ ಉತ್ಕೃಷ್ಟವಾದ ಕಬ್ಬಿಣದ ಅದಿರು, ಊರಿಗೆ ಸಮೀಪದ ಭಂಡಿಗುಡ್ಡದಲ್ಲಿ ಸುಣ್ಣಕಲ್ಲು, ಸುತ್ತಲೂ ಮಲೆನಾಡಿನ ಅರಣ್ಯ, ಕಾಲಬುಡದಲ್ಲಿ ನದಿಯ ನೀರು, ಮನೆಬಾಗಿಲಿನಲ್ಲಿ ರೈಲು ಇಷ್ಟೆಲ್ಲವೂ ಇದ್ದು, ಇಲ್ಲದಿದ್ದುದು ಕಲ್ಲಿದ್ದಲೊಂದೇ. ಕೋಕ್ ತಯಾರಿಸಲು ತಕ್ಕ ಕಲ್ಲಿದ್ದಲು ಮೈಸೂರು ಸಂಸ್ಥಾನದಲ್ಲಿ ಎಲ್ಲಿಯೂ ದೊರೆಯುತ್ತಿರಲಿಲ್ಲ. ಬಂಗಾಳ ಬಿಹಾರಗಳ ಗಣಿಗಳಿಂದ ಅದನ್ನು ತರಿಸುವುದು ದುಸ್ಸಾಧ್ಯವಾಗಿತ್ತು. ಆದುದರಿಂದ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಡೆಯ ದಿನಗಳಲ್ಲಿ, ಸಾಕ್ಚಿಯ ಟಾಟಾ ಕಾರ್ಖಾನೆಯ ರಚನೆಯಲ್ಲಿ ಪಾಲುಗೊಂಡಿದ್ದ ಅಮೆರಿಕದ ಎಂಜಿನಿಯರ್ ಸಿ. ಪಿ. ಪೆರಿನ್ ಅವರ ಸಲಹೆಯನ್ನು ಪಡೆದು, ಕಾಡಿನ ಸೌದೆಯಿಂದ ಇದ್ದಿಲನ್ನು ಮಾಡಿ ಆ ಇದ್ದಿಲಿನಿಂದಲೇ ಕಬ್ಬಿಣವನ್ನು ಕರಗಿಸುವ ಕಾರ್ಖಾನೆಯನ್ನು ಸ್ಥಾಪಿಸುವ ಕಾರ್ಯವು 1918ರಲ್ಲಿ ಆರಂಭವಾಗಿ, 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಹೊತ್ತಿಸಲಾಯಿತು.

ಆ ವೇಳೆಗೆ ಮೊದಲ ಮಹಾಯುದ್ಧದ ಕಾಲದ ಏರುಬೆಲೆಗಳು ಇಳಿದುಹೋಗಿದ್ದುವು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲಿನೊಂದಿಗೆ ಮರದ ಮದ್ಯಸಾರ, ಅಸಿಟೇಟ್, ಟಾರು ಮುಂತಾದುವನ್ನು ಪಡೆಯುವ ಭಟ್ಟಿಯ ಘಟಕದಿಂದ ನಿರೀಕ್ಷಿಸಿದ್ದ ಲಾಭಕ್ಕೆ, ಅದೇ ದಶಕದಲ್ಲಿ ಯೂರೋಪಿನ ರಸಾಯನಶಾಸ್ತ್ರಜ್ಞರು ಮೆಥನಾಲನ್ನು ಸಂಶ್ಲೇಷಣೆಯಿಂದ ತಯಾರಿಸತೊಡಗಿದುದು ಅಡ್ಡಿಯಾಯಿತು. ದಿವಾನಗಿರಿಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ಸರ್ಕಾರವು ಪುನಃ ಕರೆಯಿಸಿ, 1923ರಿಂದ 1929ರ ವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಿದ್ದು ಈ ಸಂಕಟದ ಫಲ. ಕೇವಲ ಬೀಡುಕಬ್ಬಿಣವನ್ನು ಮಾರಿ ಬದುಕಲಾಗದೆಂದು ಕಂಡ ಕಾರ್ಖಾನೆಯು ಎರಕದ ಕೊಳವೆಗಳನ್ನು ಮಾಡಿತು. 1936ರಲ್ಲಿ ಉಕ್ಕನ್ನು ಮಾಡಲಾರಂಭಿಸಿತು. ಅನಂತರ ಸಿಮೆಂಟು ಬಂದಿತು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಫೆರೋಸಿಲಿಕಾನ್ ಬಂದಿತು. ಒಂದು ಮೂಲದಿಂದ ಶಾಖೆಗಳು ಒಡೆದು, ಪ್ರತಿಯೊಂದು ಶಾಖೆಯೂ ಮೂಲದ ಗುಣವನ್ನು ಉಳಿಸಿಕೊಂಡು ತನ್ನದೊಂದನ್ನು ಸೇರಿಸಿಕೊಂಡ ಈ ಬೆಳವಣಿಗೆಯನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ವಿಷಯವು ಸುಗಮವಾಗುತ್ತದೆ.

ಈಗ ಕುಲುಮೆಯ ವಿಷಯ. ಇದ್ದಿಲಿನ ಊದುಕುಲುಮೆಯ ಬಾಯಿಗೆ ಮೇಲಿನಿಂದ ಅದಿರು, ಇದ್ದಿಲು, ಸುಣ್ಣಕಲ್ಲುಗಳನ್ನು ಪದರಪದರವಾಗಿ ಸುರಿಯುತ್ತಾರೆ. ಕೆಳಭಾಗದ ನಳಿಕೆಗಳಿಂದ ಕಾದ ಗಾಳಿಯನ್ನು ಊದುತ್ತಾರೆ. ಇದ್ದಿಲು ಉರಿದು ಶಾಖವನ್ನೂ ಕೊಡುತ್ತದೆ, ಅದಿರಿನಲ್ಲಿರುವ ಆಮ್ಲಜನಕವನ್ನೂ ಸೆಳೆದುಕೊಳ್ಳುತ್ತದೆ. ಸುಣ್ಣಕಲ್ಲು ಅದಿರಿನ ಕಲ್ಮಷಗಳೊಡನೆ ಕೂಡಿ ಕಿಟ್ಟವಾಗುತ್ತದೆ. ಹಗುರವಾದ ಕಿಟ್ಟವು ಮೇಲೆ ತೇಲಿದರೆ ಭಾರವಾದ ದ್ರವಕಬ್ಬಿಣವು ತಳದಲ್ಲಿ ನಿಲ್ಲುತ್ತದೆ. ನಿಯತಕಾಲಕ್ಕೆ ಜೇಡಿಯಿಂದ ಮುಚ್ಚಿದ ಕಂಡಿಯನ್ನು ಒಡೆದು ಅದನ್ನು ಹೊರಕ್ಕೆ ಹರಿಯಿಸುತ್ತಾರೆ. ಇಲ್ಲಿ ಇದ್ದಿಲಿಗೆ ಎರಡು ಕೆಲಸಗಳಿರುವುದನ್ನು ಗಮನಿಸಬೇಕು. ಶಾಖಕ್ಕಾಗಿಯೇ ಇದ್ದಿಲಿನ ದೊಡ್ಡ ಪಾಲು ವ್ಯಯವಾಗುತ್ತಿದ್ದುದರಿಂದ, ವರ್ಷವರ್ಷವೂ ಕಾಡನ್ನು ಕಡಿಯುತ್ತಾ ಹೋಗುವುದು ಅನಿವಾರ್ಯವಾಗಿತ್ತು. ಆ ಮರಗಳ ಲೆಕ್ಕವನ್ನು ಬರೆದಿಟ್ಟವರಿಗಿಂತ ಆ ಬೋಳುಗುಡ್ಡಗಳನ್ನು ನೋಡಿದವರಿಗೇ ಅದರ ಭಾರವು ಹೆಚ್ಚಾಗಿ ತಿಳಿದಿದ್ದಿತು.

ಅಷ್ಟರಲ್ಲಿ ಶರಾವತಿಯ ಜಲಪಾತದ ಬಳಿ ಜೋಗದಲ್ಲಿ 1948ರಲ್ಲಿ ವಿದ್ಯುತ್ತಿನ ಉತ್ಪಾದನೆಯು ಪ್ರಾರಂಭವಾಯಿತು. ಕಲ್ಲಿದ್ದಲಿಲ್ಲದ ಆದರೆ ಜಲಪಾತಗಳು ಹೇರಳವಾಗಿರುವ ದೇಶವು ಕಬ್ಬಿಣವನ್ನು ಹೇಗೆ ಕರಗಿಸಬೇಕೆಂಬ ಪ್ರಶ್ನೆಯನ್ನು ಮಲೆನಾಡಿಗಿಂತ ಮೊದಲೇ ಎದುರಿಸಿ ಉತ್ತರ ಕಂಡುಕೊಂಡಿದ್ದ ನಾಡು ನಾರ್ವೆ. ಅಲ್ಲಿನ ಟಿಸ್ಲಾಂಡ್ ಮತ್ತು ಹೋಲ್ ಎಂಬ ಎಂಜಿನಿಯರುಗಳ ಹೆಸರಿನಿಂದ ಪ್ರಸಿದ್ಧವಾದ ವಿದ್ಯುತ್ ಕುಲುಮೆಗಳು 1950ರ ದಶಕದ ಮೊದಲ ವರ್ಷಗಳಲ್ಲಿ ಭದ್ರಾವತಿಗೆ ಬಂದುವು. ಈ ಕುಲುಮೆಯಲ್ಲಿ ಗಾಳಿಯನ್ನು ಊದುವುದಿಲ್ಲ. ದಪ್ಪ ವಿದ್ಯುದ್ವಾರಗಳ ಮೂಲಕ ಹರಿಯುವ ವಿದ್ಯುತ್ತೇ ಶಾಖವನ್ನು ಒದಗಿಸುತ್ತದೆ. ಇಂಗಾಲವು ಆಮ್ಲಜನಕವನ್ನು ಸೆಳೆಯುವ ಮಟ್ಟಿಗೆ ಮಾತ್ರ ಬೇಕಾಗುವುದರಿಂದ ಇದ್ದಿಲಿನ ವೆಚ್ಚವು ಬಹಳವಾಗಿ ಇಳಿಯುತ್ತದೆ. ಆದರೆ ಅದಿರನ್ನು ಹೊಟ್ಟೆಗೆ ಹಾಕಿಕೊಳ್ಳುವುದು, ಕಿಟ್ಟವನ್ನು ಬೇರ್ಪಡಿಸುವುದು, ಕಂಡಿಯಿಂದ ಬೀಡುಕಬ್ಬಿಣವನ್ನು ಸುರಿಸುವುದು, ಇವು ಇಲ್ಲಿಯೂ ಅವೇ. ಕೊಳವೆಯ ಎರಕಶಾಲೆಗೂ ಉಕ್ಕಿನ ಘಟಕಕ್ಕೂ ಬೇಕಾದುದು ದ್ರವಕಬ್ಬಿಣ. ಅದು ಇದ್ದಿಲಿನ ಉರಿಯಿಂದ ಬಂದಿತೋ ಜೋಗದ ನೀರಿನಿಂದ ಬಂದಿತೋ ಎಂದು ಅವು ಕೇಳಬೇಕಾಗಿರಲಿಲ್ಲ.

ಗಣಕಶಾಸ್ತ್ರದ ಭಾಷೆಯಲ್ಲಿ ಇದನ್ನು ಹೇಳುವುದಾದರೆ ಹೀಗೆ. ‘ಕುಲುಮೆ’ ಎಂಬುದೊಂದು ಕ್ಲಾಸ್, ಅಂದರೆ ವರ್ಗ; ಅದರಲ್ಲಿ ಎಷ್ಟು ಅದಿರು ತುಂಬಿದೆ, ಎಷ್ಟು ಕಬ್ಬಿಣವು ಸಿದ್ಧವಾಗಿದೆ ಎಂಬ ಸ್ಥಿತಿಯ ವಿವರಗಳೂ, ‘ತುಂಬು’, ‘ಕಾಯಿಸು’, ‘ಕಿಟ್ಟ ತೆಗೆ’, ‘ಸುರಿ’ ಎಂಬ ಕ್ರಿಯೆಗಳೂ ಒಟ್ಟಿಗೆ ಅಡಕವಾಗಿರುತ್ತವೆ. ಈ ವರ್ಗದ ಲಕ್ಷಣಗಳನ್ನುಳ್ಳ, ಕಾರ್ಖಾನೆಯಲ್ಲಿ ನಿಜವಾಗಿ ನಿಂತಿರುವ ಒಂದೊಂದು ಕುಲುಮೆಯೂ ಒಂದೊಂದು ಆಬ್ಜೆಕ್ಟ್. ‘ಇದ್ದಿಲಿನ ಕುಲುಮೆ’ ಮತ್ತು ‘ವಿದ್ಯುತ್ ಕುಲುಮೆ’ ಎಂಬ ಎರಡು ಉಪವರ್ಗಗಳು ಮೂಲವರ್ಗದಿಂದ ಇವೆಲ್ಲವನ್ನೂ ಪಿತ್ರಾರ್ಜಿತವಾಗಿ ಪಡೆಯುತ್ತವೆ. ಪುನಃ ಬರೆಯಬೇಕಾದ ಶ್ರಮವು ಉಳಿಯುತ್ತದೆ. ಇದು ಇನ್‌ಹೆರಿಟೆನ್ಸ್. ಆದರೆ ‘ಕಾಯಿಸು’ ಎಂಬ ಒಂದು ಕ್ರಿಯೆಯನ್ನು ಪ್ರತಿಯೊಂದು ಉಪವರ್ಗವೂ ತನ್ನದೇ ಆದ ರೀತಿಯಲ್ಲಿ ಬರೆದುಕೊಂಡು, ಮೂಲದಿಂದ ಬಂದುದನ್ನು ಆ ಒಂದು ಸ್ಥಳದಲ್ಲಿ ಬದಲಾಯಿಸಿಕೊಳ್ಳುತ್ತದೆ. ಎರಕಶಾಲೆಯ ಕಡೆಯಿಂದ ‘ಕಾಯಿಸು, ಸುರಿ’ ಎಂಬ ಆಜ್ಞೆ ಬಂದಾಗ, ಆ ಆಜ್ಞೆಯನ್ನು ಸ್ವೀಕರಿಸಿದ ಕುಲುಮೆ ಯಾವುದೋ ಅದರ ರೀತಿಯಂತೆ ಕಾರ್ಯವು ನಡೆಯುತ್ತದೆ. ಆಜ್ಞೆ ಒಂದೇ, ನಡೆವಳಿ ಬೇರೆ. ಇದು ಪಾಲಿಮಾರ್ಫಿಸಂ. ಇದರ ಪ್ರಯೋಜನವು ಬರೆಯುವ ಶ್ರಮವನ್ನು ಉಳಿಸುವುದಕ್ಕಿಂತ ದೊಡ್ಡದು. ನಾಳೆ ಮೂರನೆಯ ಬಗೆಯ ಕುಲುಮೆಯೊಂದು ಬಂದರೆ, ಎರಕಶಾಲೆಯ ವಿಧಾನವನ್ನು ಒಂದಕ್ಷರವೂ ತಿದ್ದದೆ ಅದನ್ನು ಸೇರಿಸಿಕೊಳ್ಳಬಹುದು. ಹಳೆಯದು ಹೊಸದಕ್ಕೆ ದಾರಿ ಬಿಡುವಂತೆ ಮೊದಲೇ ರಚಿತವಾಗಿರುವುದೇ ಇದರ ಜೀವಾಳ.

ಭದ್ರಾವತಿಗೆ ಕುಲುಮೆಯನ್ನು ಕಳುಹಿಸಿದ ನಾಡಿನಲ್ಲಿಯೇ, ಅದಾದ ಸುಮಾರು ಒಂದು ದಶಕದ ಅನಂತರ ಈ ತತ್ತ್ವಗಳು ಮೊದಲಾಗಿ ರೂಪುಗೊಂಡುವೆಂಬುದು ನನಗೆ ತೀರ ಪ್ರಿಯವಾದ ಸಂಗತಿ. ಕಾರ್ಯಕಾರಣ ಸಂಬಂಧವು ಇವೆರಡರ ನಡುವೆ ಇಲ್ಲ. ಆದರೂ ಒಂದು ಸಾಮ್ಯವುಂಟು. ಕ್ರಿಸ್ಟೆನ್ ನ್ಯೂಗಾರ್ಡ್ ಎಂಬವರು ನಾರ್ವೆಯ ರಕ್ಷಣಾ ಸಂಶೋಧನ ಸಂಸ್ಥೆಯಲ್ಲಿ ಗಣಿತಗಾರರಾಗಿದ್ದು, ಬಳಿಕ ಆಸ್ಲೋ ನಗರದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿಗೆ ಬಂದು, ತಮ್ಮ ಹಳೆಯ ಸಹೋದ್ಯೋಗಿ ಓಲೆ-ಯೋಹಾನ್ ಡಾಲ್ ಅವರೊಡನೆ ಸಿಮ್ಯುಲಾ ಎಂಬ ಭಾಷೆಯನ್ನು ನಿರ್ಮಿಸಲಾರಂಭಿಸಿದರು. ದೊಡ್ಡ ವ್ಯವಸ್ಥೆಯೊಂದನ್ನು ಕಟ್ಟುವ ಮೊದಲು, ಅಥವಾ ಇರುವುದನ್ನು ತಿದ್ದುವ ಮೊದಲು, ಅದರ ಪ್ರತಿಕೃತಿಯನ್ನು ಗಣಕಯಂತ್ರದಲ್ಲಿ ನಡೆಯಿಸಿ ನೋಡುವುದು, ಎಲ್ಲಿ ಕೆಲಸವು ಗುಂಪುಗೂಡುತ್ತದೆ, ಎಲ್ಲಿ ಯಂತ್ರವು ನಿರರ್ಥಕವಾಗಿ ನಿಂತಿರುತ್ತದೆ ಎಂದು ಅರಿಯುವುದು ಅವರ ಉದ್ದೇಶ. ಯೂನಿವ್ಯಾಕ್ 1107 ಎಂಬ ಯಂತ್ರದ ಮೇಲೆ 1965ರ ಹೊತ್ತಿಗೆ ಈ ಭಾಷೆಯು ನಡೆಯುತ್ತಿತ್ತು. 1966ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ವಿಸ್ತಾರವಾಗಿ ಬಿಡಿಸಿ ತೋರಿಸಿದ ಉದಾಹರಣೆಗಳಲ್ಲಿ ಒಂದು, ಯಂತ್ರಸಮೂಹಗಳ ನಡುವೆ ಒಂದಾದ ಮೇಲೊಂದರಂತೆ ಸಾಗುವ ಆರ್ಡರುಗಳನ್ನುಳ್ಳ ಕಾರ್ಯಾಗಾರ. ಭದ್ರಾವತಿಯ ಮೆಷಿನ್ ಶಾಪಿನಲ್ಲಿ ದುಡಿದ ಯಾರಿಗಾದರೂ ಅದನ್ನು ವಿವರಿಸಿದ್ದರೆ, ಇದು ನಮ್ಮ ದಿನದಿನದ ಸಂಗತಿಯಲ್ಲವೆ ಎಂದು ಹೇಳಿಯಾರು.

ನಿರ್ಣಾಯಕವಾದ ಹೊಳಹು 1966ರ ಕಡೆಯಲ್ಲಿ, ಒಂದು ಸೇತುವೆಯ ಸುಂಕದಕಟ್ಟೆಯ ಉದಾಹರಣೆಯನ್ನು ಚಿಂತಿಸುತ್ತಿದ್ದಾಗ ಬಂದಿತೆಂದು ಅವರಿಬ್ಬರೂ ತರುವಾಯ ಬರೆದ ಚರಿತ್ರೆಯಲ್ಲಿ ಹೇಳಿದ್ದಾರೆ. ಸೇತುವೆಯ ಮುಂದೆ ವಾಹನಗಳು ಸಾಲುಗಟ್ಟಿ ನಿಂತಿವೆ. ಅವುಗಳಲ್ಲಿ ಲಾರಿಗಳುಂಟು, ಬಸ್ಸುಗಳುಂಟು. ಸಾಲಿನಲ್ಲಿ ನಿಲ್ಲುವುದು, ಮುಂದಕ್ಕೆ ಸರಿಯುವುದು, ಕಟ್ಟೆಯನ್ನು ದಾಟುವುದು, ಇವು ಎರಡಕ್ಕೂ ಸಮಾನ; ಹೊರೆಯ ತೂಕ ಲಾರಿಗೆ ಸೇರಿದ್ದು, ಪ್ರಯಾಣಿಕರ ಸಂಖ್ಯೆ ಬಸ್ಸಿಗೆ ಸೇರಿದ್ದು. ಎರಡನ್ನೂ ಪ್ರತ್ಯೇಕವಾಗಿ ಮೊದಲಿನಿಂದ ಬರೆದರೆ ಸಾಮಾನ್ಯವಾದುದನ್ನು ಎರಡು ಸಲ ಬರೆದಂತಾಗುತ್ತದೆ, ಸಾಲಿಗೂ ಎರಡು ಬಗೆ ಬೇಕಾಗುತ್ತದೆ. ಒಂದನ್ನಾಗಿಯೇ ಬರೆದರೆ ಬಸ್ಸಿಗೆ ಹೊರೆಯ ತೂಕವನ್ನೂ ಲಾರಿಗೆ ಪ್ರಯಾಣಿಕರನ್ನೂ ಅಂಟಿಸಿದಂತಾಗುತ್ತದೆ. ಇದಕ್ಕೆ ಪರಿಹಾರವಾಗಿ ಅವರು ‘ವಾಹನ’ ಎಂಬುದನ್ನು ಮೊದಲು ವರ್ಣಿಸಿ, ಆ ವರ್ಣನೆಯನ್ನೇ ‘ಲಾರಿ’ ಮತ್ತು ‘ಬಸ್ಸು’ಗಳ ವರ್ಣನೆಗೆ ಪೂರ್ವಭಾಗವಾಗಿ ಜೋಡಿಸುವ ವಿಧಾನವನ್ನು ಕಂಡುಕೊಂಡರು. ಇಂಗ್ಲೆಂಡಿನ ಸಿ. ಎ. ಆರ್. ಹೋರ್ ಅವರು ದಾಖಲೆಗಳ ವರ್ಗ ಮತ್ತು ಉಪವರ್ಗಗಳನ್ನು ಕುರಿತು ಸ್ವಲ್ಪ ಮೊದಲೇ ಮಂಡಿಸಿದ್ದ ವಿಚಾರವು ಇದಕ್ಕೆ ಪ್ರೇರಕವಾಗಿದ್ದಿತು; ಆದರೆ ಹೋರ್ ಅವರ ದಾಖಲೆಗಳು ಕೇವಲ ವಿವರಗಳ ಕಟ್ಟುಗಳು, ಸಿಮ್ಯುಲಾದ ವಸ್ತುಗಳಾದರೋ ಸ್ವಂತ ಕ್ರಿಯೆಯನ್ನುಳ್ಳವು. 1967ರ ಮೇ ತಿಂಗಳಲ್ಲಿ ಆಸ್ಲೋ ಸಮೀಪದ ಲೀಸೆಬು ಎಂಬಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವರ್ಗ ಮತ್ತು ಉಪವರ್ಗಗಳ ಈ ನಿರೂಪಣೆಯನ್ನು ಅವರು ಮುಂದಿಟ್ಟರು. ಉಪವರ್ಗವು ಮೂಲದ ಕ್ರಿಯೆಯನ್ನು ತನ್ನ ರೀತಿಯಲ್ಲಿ ಬದಲಾಯಿಸಿಕೊಳ್ಳಲು ಅವಕಾಶ ಕೊಡುವ ‘ವರ್ಚುಯಲ್’ ವಿಧಾನವು, ಅಂದರೆ ಇಂದು ನಾವು ಬಹುರೂಪತೆಯೆಂದು ಕರೆಯುವ ತತ್ತ್ವದ ಪ್ರಾಣಭಾಗವು, ಸಿಮ್ಯುಲಾ 67 ಎಂದು ಹೆಸರಾದ ಆ ಭಾಷೆಗೆ ಬಹುಮಟ್ಟಿಗೆ ಕಡೆಯ ಗಳಿಗೆಯಲ್ಲಿ ಸೇರಿಕೊಂಡದ್ದು.

ಕೆಮ್ಮಣ್ಣುಗುಂಡಿಯ ಅದಿರು ಹಗ್ಗದಾರಿಯಲ್ಲಿ ಕೆಳಕ್ಕಿಳಿದು ಕಾರ್ಖಾನೆಯನ್ನು ಸೇರುತ್ತಿದ್ದ ದಿನಗಳಲ್ಲಿ ಭದ್ರಾವತಿಯ ಹಳೆಯ ಸೇತುವೆಯ ಮೇಲೆ ಎತ್ತಿನಗಾಡಿ, ಲಾರಿ, ಬಸ್ಸುಗಳು ಒಂದೇ ಸಾಲಿನಲ್ಲಿ ಸಾಗುತ್ತಿದ್ದುದನ್ನು ನೆನೆದರೆ, ಈ ಉದಾಹರಣೆಗಾಗಿ ನಾರ್ವೆಯ ವರೆಗೆ ಹೋಗಬೇಕಾದುದೇ ಇಲ್ಲ.

ಸಿಮ್ಯುಲಾದ ಸಂತತಿಯ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬಹುರೂಪತೆಯೆಂಬ ಮಾತನ್ನು ಪ್ರೋಗ್ರಾಮಿನ ವಿಚಾರದಲ್ಲಿ ಬಳಸಿ ಅದರ ಪ್ರಭೇದಗಳನ್ನು ವಿಂಗಡಿಸಿದವರು ಆಂಗ್ಲ ವಿದ್ವಾಂಸ ಕ್ರಿಸ್ಟೋಫರ್ ಸ್ಟ್ರೇಚಿ. ಅವರು ಕೋಪನ್‌ಹೇಗನ್ನಿನಲ್ಲಿ ಉಪನ್ಯಾಸಗಳನ್ನು ಮಾಡಿದ್ದು ಆ 1967ನೆಯ ಇಸವಿಯಲ್ಲಿಯೇ. ಅಮೆರಿಕದ ಅಲನ್ ಕೇ ಅವರು ಸಿಮ್ಯುಲಾವನ್ನು ಕಂಡು ಪ್ರೇರಿತರಾಗಿ, 1970ರ ದಶಕದಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ಸ್ಮಾಲ್‌ಟಾಕ್ ಭಾಷೆಯನ್ನು ರಚಿಸಿದರು. ಅದರ 1972ರ ಮೊದಲ ಆವೃತ್ತಿಯಲ್ಲಿ ಆನುವಂಶಿಕತೆ ಇರಲಿಲ್ಲವೆಂಬುದೂ 1976ರ ಆವೃತ್ತಿಯಲ್ಲಿ ಅದು ಸೇರಿತೆಂಬುದೂ ಗಮನಾರ್ಹ. ಕೇಂಬ್ರಿಜ್ಜಿನಲ್ಲಿ ಸಿಮ್ಯುಲಾವನ್ನು ಬಳಸಿ ಅದರ ಸೊಗಸನ್ನೂ ಅದರ ಮಂದಗತಿಯನ್ನೂ ಅನುಭವಿಸಿದ್ದ ಡೆನ್ಮಾರ್ಕಿನ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಸಿ ಭಾಷೆಗೆ ವರ್ಗಗಳನ್ನು ಜೋಡಿಸಲಾರಂಭಿಸಿದರು. ಅದಕ್ಕೆ ಸಿ++ ಎಂಬ ನಾಮಕರಣವಾದುದು 1983ರಲ್ಲಿ. 1995ರಲ್ಲಿ ಜಾವಾ ಬಂದಿತು. ಶಿವಮೊಗ್ಗೆಯ ವಿದ್ಯಾರ್ಥಿಯ ಕೈಗೆ ಈ ಪರಂಪರೆಯು ತಲಪುವುದು ಪ್ರಾಯಶಃ ಈ ಕಡೆಯ ಎರಡರ ಮೂಲಕ.

ಸಾಮಾನ್ಯವಾದುದನ್ನು ಮೊದಲು ಹೇಳಿ ವಿಶೇಷದಲ್ಲಿ ಬೇಕಾದಷ್ಟನ್ನು ಮಾತ್ರ ಬದಲಾಯಿಸುವ ವಿಧಾನವನ್ನು ಶಾಸ್ತ್ರರೂಪಕ್ಕೆ ತಂದವರಲ್ಲಿ ನಾರ್ವೆಯವರು ಮೊದಲಿಗರಲ್ಲ. ಶಿವಮೊಗ್ಗೆಗೆ ಸಮೀಪದಲ್ಲಿ, ತುಂಗೆಯ ದಡದಲ್ಲಿರುವ ಮತ್ತೂರಿನಲ್ಲಿ ಸಂಸ್ಕೃತದ ಅಧ್ಯಯನವೂ, ಎದುರು ದಡದ ಹೊಸಹಳ್ಳಿಯಲ್ಲಿ ಗಮಕದ ಪರಂಪರೆಯೂ ಇಂದಿಗೂ ಜೀವಂತವಾಗಿವೆ. ಅಲ್ಲಿ ವ್ಯಾಕರಣವನ್ನು ಓದುವ ಬಾಲಕನಿಗೆ ಪಾಣಿನಿಯ ಅಷ್ಟಾಧ್ಯಾಯಿಯ ಸುಮಾರು 4000 ಸೂತ್ರಗಳಲ್ಲಿ ಉತ್ಸರ್ಗವೆಂಬ ಸಾಮಾನ್ಯವಿಧಿಯೂ ಅಪವಾದವೆಂಬ ವಿಶೇಷವಿಧಿಯೂ ಇವೆಯೆಂದೂ, ಇವೆರಡೂ ಒಂದೆಡೆ ಪ್ರಾಪ್ತವಾದಾಗ ವಿಶೇಷವೇ ಬಲವತ್ತರವೆಂದೂ, ಹಿಂದಿನ ಸೂತ್ರದ ಪದವು ಮುಂದಿನ ಸೂತ್ರಗಳಿಗೆ ಅನುವೃತ್ತಿಯಿಂದ ಇಳಿದುಬರುತ್ತದೆಂದೂ ಗೊತ್ತಿರುತ್ತದೆ. ಕನ್ನಡದಲ್ಲಿಯೂ ಬಹುವಚನವನ್ನು ಮಾಡೆಂದರೆ ಮರವು ‘ಮರಗಳು’ ಆಗುತ್ತದೆ, ಅರಸನು ‘ಅರಸರು’ ಆಗುತ್ತಾನೆ, ಅಣ್ಣನು ‘ಅಣ್ಣಂದಿರು’ ಆಗುತ್ತಾನೆ. ವಿಧಿಯ ಹೆಸರು ಒಂದೇ, ಶಬ್ದದ ವರ್ಗಕ್ಕೆ ತಕ್ಕಂತೆ ರೂಪವು ಬೇರೆ. ಈ ಸಾದೃಶ್ಯವನ್ನು ಗೌರವದಿಂದ ಕಾಣಬೇಕು. ಆದರೆ ಅದನ್ನು ಹಿಗ್ಗಿಸಬಾರದು. 1985ರಲ್ಲಿ ರಿಕ್ ಬ್ರಿಗ್ಸ್ ಎಂಬವರು ಜ್ಞಾನನಿರೂಪಣೆಯ ವಿಷಯದಲ್ಲಿ ಸಂಸ್ಕೃತ ವೈಯಾಕರಣರ ವಿಶ್ಲೇಷಣೆಯನ್ನು ಕುರಿತು ಬರೆದ ಲೇಖನವು, ಗಣಕಯಂತ್ರಕ್ಕೆ ಸಂಸ್ಕೃತವೇ ಅತ್ಯುತ್ತಮ ಭಾಷೆಯೆಂದು ಬಾಯಿಂದ ಬಾಯಿಗೆ ಬೆಳೆದುಹೋದದ್ದು ಎಲ್ಲರೂ ಬಲ್ಲ ಸಂಗತಿ. ಡಾಲ್ ಮತ್ತು ನ್ಯೂಗಾರ್ಡರು ಸುಂಕದಕಟ್ಟೆಯನ್ನು ಚಿಂತಿಸುತ್ತಿದ್ದರು, ಅಷ್ಟಾಧ್ಯಾಯಿಯನ್ನಲ್ಲ. ಅವರು ಸ್ವತಂತ್ರವಾಗಿ ತಲಪಿದ ಸ್ಥಳಕ್ಕೆ ನಮ್ಮ ವೈಯಾಕರಣರು ಭಾಷೆಯ ದಾರಿಯಲ್ಲಿ ನಡೆದು ಹತ್ತಿರ ಬಂದಿದ್ದರೆಂದು ಹೇಳಿದರೆ ಇಬ್ಬರಿಗೂ ನ್ಯಾಯವಾಗುತ್ತದೆ.

ಇನ್ನು ಪಠ್ಯಪುಸ್ತಕಗಳು ಅವಸರದಲ್ಲಿ ದಾಟಿಹೋಗುವ, ಆದರೆ ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ವಿಷಯ. ಪಿತ್ರಾರ್ಜಿತವೆಂದರೆ ಆಸ್ತಿ ಮಾತ್ರವಲ್ಲ, ಹೊಣೆಯೂ ಹೌದು. ಇದ್ದಿಲಿನಿಂದ ಕರಗಿಸಿದ ಕಬ್ಬಿಣದ ವಿಶೇಷ ಗುಣವೆಂದರೆ ಅದರಲ್ಲಿ ಗಂಧಕದ ಅಂಶ ಬಹಳ ಕಡಿಮೆ. ಕೋಕ್ ಬಳಸಿದರೆ ಕಲ್ಲಿದ್ದಲಿನ ಗಂಧಕವು ಕಬ್ಬಿಣಕ್ಕೆ ಸೇರುತ್ತದೆ, ಗಂಧಕವು ಹೆಚ್ಚಾದ ಉಕ್ಕು ಕಾದಾಗ ಬಿರಿಯುತ್ತದೆ. ಉಕ್ಕಿನ ಘಟಕವು ಕಡಿಮೆ ಗಂಧಕದ ಕಬ್ಬಿಣವನ್ನೇ ನಂಬಿ ತನ್ನ ಕ್ರಮಗಳನ್ನು ಗೊತ್ತುಮಾಡಿಕೊಂಡಿದೆಯೆಂದು ಭಾವಿಸೋಣ. ಹೊಸ ಕುಲುಮೆಯೊಂದು ‘ಸುರಿ’ ಎಂದೊಡನೆ ದ್ರವಕಬ್ಬಿಣವನ್ನು ಸುರಿಯುತ್ತದೆ, ಆದರೆ ಅದರಲ್ಲಿ ಗಂಧಕವು ಮಿತಿಮೀರಿದೆ ಎಂದಾದರೆ, ಹೆಸರಿನಲ್ಲಿಯೂ ಆಕಾರದಲ್ಲಿಯೂ ಅದು ಕುಲುಮೆಯ ಸಂತಾನವೇ ಆಗಿದ್ದರೂ ಕುಲುಮೆಯ ಸ್ಥಾನದಲ್ಲಿ ನಿಲ್ಲುವ ಅರ್ಹತೆ ಅದಕ್ಕಿಲ್ಲ. ಗಣಕಯಂತ್ರವು ಈ ದೋಷವನ್ನು ತಾನಾಗಿ ಹಿಡಿಯಲಾರದು. ಕ್ರಿಯೆಯ ಹೆಸರು ಸರಿಯಾಗಿದೆಯೆ, ಕೊಡುವ ವಸ್ತುವಿನ ಬಗೆ ಸರಿಯಾಗಿದೆಯೆ ಎಂದು ನೋಡಿ ಅದು ಒಪ್ಪಿಬಿಡುತ್ತದೆ. ಮೂಲವರ್ಗವನ್ನು ನಂಬಿದವನ ನಿರೀಕ್ಷೆಗೆ ಉಪವರ್ಗವು ಎಲ್ಲಿಯೂ ಭಂಗ ತರಬಾರದೆಂಬ ಈ ನಿಯಮವನ್ನು ಅಮೆರಿಕದ ಬಾರ್ಬರಾ ಲಿಸ್ಕೋವ್ 1987ರಲ್ಲಿ ಸಮ್ಮೇಳನವೊಂದರ ಭಾಷಣದಲ್ಲಿ ಮಂಡಿಸಿದರು. 1994ರಲ್ಲಿ ಜೆನೆಟ್ ವಿಂಗ್ ಅವರೊಡನೆ ಅದಕ್ಕೆ ಶಾಸ್ತ್ರೀಯವಾದ ರೂಪವನ್ನು ಕೊಟ್ಟರು. ಸಿಮ್ಯುಲಾ ಹುಟ್ಟಿದ 20 ವರ್ಷಗಳ ಮೇಲೆ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಯಿತೆಂಬುದರಿಂದಲೇ, ಆ ನಡುವೆ ಎಷ್ಟು ಜನರು ಆಸ್ತಿಯನ್ನು ಪಡೆದು ಹೊಣೆಯನ್ನು ಮರೆತಿದ್ದರೆಂಬುದು ಊಹ್ಯವಾಗುತ್ತದೆ.

ಇದರೊಡನೆ ಇನ್ನೊಂದು ವಿವೇಕವೂ ಬೇಕು. ಕೊಳವೆಯ ಎರಕಶಾಲೆಗೆ ಕುಲುಮೆ ಬೇಕೆಂದ ಮಾತ್ರಕ್ಕೆ ಎರಕಶಾಲೆಯು ಕುಲುಮೆಯ ಸಂತಾನವಾಗುವುದಿಲ್ಲ. ಅದು ಕುಲುಮೆಯನ್ನು ಆಶ್ರಯಿಸಿದೆ, ಅಷ್ಟೆ. ಸಂತಾನದ ಸಂಬಂಧವನ್ನೂ ಆಶ್ರಯದ ಸಂಬಂಧವನ್ನೂ ಬೇರ್ಪಡಿಸಿ ನೋಡದೆ, ಬರೆದದ್ದನ್ನು ಪುನಃ ಬರೆಯುವ ತೊಂದರೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ವಂಶವನ್ನು ಬೆಳೆಯಿಸಿದ ಪ್ರೋಗ್ರಾಮುಗಳು ಕೆಲವೇ ವರ್ಷಗಳಲ್ಲಿ ತಿದ್ದಲಾಗದಷ್ಟು ಜಟಿಲವಾಗುತ್ತವೆ. 1994ರಲ್ಲಿ ನಾಲ್ವರು ಲೇಖಕರು ಕೂಡಿ ಪ್ರಕಟಿಸಿದ ವಿನ್ಯಾಸಮಾದರಿಗಳ ಪ್ರಸಿದ್ಧ ಗ್ರಂಥವು ಸಂತಾನಕ್ಕಿಂತ ಸಂಯೋಜನೆಗೇ ಒಲವು ತೋರಬೇಕೆಂದು ಉಪದೇಶಿಸಿದ್ದು ಇಂತಹ ಅನುಭವದ ಮೇಲಿಂದಲೇ.

ಹೊಣೆಯ ಮಾತು ಬಂದುದರಿಂದ ಕಾರ್ಖಾನೆಯ ಉತ್ತರಾಧಿಕಾರದ ಕಥೆಯನ್ನೂ ಹೇಳಬೇಕು. ಮೈಸೂರು ಐರನ್ ವರ್ಕ್ಸ್ ಎಂದಿದ್ದ ಹೆಸರಿಗೆ ಉಕ್ಕು ಸೇರಿ ಐರನ್ ಅಂಡ್ ಸ್ಟೀಲ್ ಆಯಿತು. 1962ರಲ್ಲಿ ಸರ್ಕಾರದ ಇಲಾಖೆಯು ಕಂಪನಿಯಾಯಿತು. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ಧರಿಸಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಗಿ, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಒಡೆಯರು ಬದಲಾದರೂ ಭದ್ರಾವತಿಯ ನ್ಯೂಟೌನ್ ಬಡಾವಣೆಯ ಮನೆಗಳು, ಶಾಲೆ, ಆಸ್ಪತ್ರೆಗಳು ಕಾರ್ಖಾನೆಯನ್ನು ನೋಡುತ್ತಿದ್ದ ದೃಷ್ಟಿ ಬದಲಾಗಲಿಲ್ಲ. ಊರಿನವರ ಬಾಯಲ್ಲಿ ಅದು ಅಂದಿಗೂ ಇಂದಿಗೂ ‘ಫ್ಯಾಕ್ಟರಿ’. ಮೊದಲ ಎರಕಕ್ಕೆ 100 ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ನಿರ್ಧಾರವಾಗಿ, ಕಾರ್ಮಿಕರು ದೀರ್ಘಕಾಲ ಧರಣಿ ಕುಳಿತು, ಅದೇ ವರ್ಷ ಬಾರ್ ಮಿಲ್ಲಿನ ಕೆಲಸವು ಪುನರಾರಂಭವಾದುದು ಎಲ್ಲರ ನೆನಪಿನಲ್ಲಿದೆ. ಕಾರ್ಖಾನೆಯ ಲೆಕ್ಕಪತ್ರಗಳನ್ನು ಪರಂಪರೆಯಾಗಿ ಪಡೆದವರು ಅದನ್ನು ನಂಬಿದವರ ನಿರೀಕ್ಷೆಯನ್ನೂ ಪಡೆದಿರುತ್ತಾರೆಯೆ ಎಂಬುದೇ ಆ ಧರಣಿಯ ಪ್ರಶ್ನೆಯಾಗಿದ್ದಿತೆಂದು ನಾನು ತಿಳಿಯುತ್ತೇನೆ. ವಿಶ್ವೇಶ್ವರಯ್ಯನವರಂತೂ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಬೆಂಗಳೂರಿನಲ್ಲಿ ಕಸಬುಗಳನ್ನು ಕಲಿಸುವ ಶಾಲೆಗೆ ಮೀಸಲಿಟ್ಟು, ಅದಕ್ಕೆ ತಮ್ಮ ಹೆಸರನ್ನು ಬಿಟ್ಟು ಶ್ರೀ ಜಯಚಾಮರಾಜೇಂದ್ರರ ಹೆಸರನ್ನಿಡಿಸಿದರು.

ನ್ಯೂಗಾರ್ಡರ ಮುಂದಿನ ಜೀವನವೂ ಈ ಪ್ರಶ್ನೆಗೆ ಸಂಬಂಧಪಟ್ಟಿದೆ. ತಾವು ರೂಪಿಸಿದ ಸಾಧನವು ಕಾರ್ಖಾನೆಗಳ ವ್ಯವಸ್ಥೆಯನ್ನು ಯೋಜಿಸಲು ಬಳಕೆಯಾಗುತ್ತಿದ್ದಾಗ, ಆ ವ್ಯವಸ್ಥೆಯೊಳಗೆ ದುಡಿಯುವವರಿಗೆ ಅದರ ಅರಿವೂ ಅದರ ಮೇಲೆ ಹಿಡಿತವೂ ಇರಬೇಕೆಂದು ಅವರಿಗೆ ತೋರಿತು. 1970ರ ದಶಕದ ಆರಂಭದಲ್ಲಿ ಅವರು ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಸೇರಿ, ಕಾರ್ಖಾನೆಗೆ ಗಣಕಯಂತ್ರವು ಬಂದರೆ ಯಾರ ಕೆಲಸವು ಹೇಗೆ ಬದಲಾಗುತ್ತದೆಂಬುದನ್ನು ಕಾರ್ಮಿಕರೇ ಅಭ್ಯಾಸಮಾಡಿ ತಮ್ಮ ಅಭಿಪ್ರಾಯವನ್ನು ರೂಪಿಸುವಂತೆ ಕೆಲಸ ಮಾಡಿದರು. ಅದರ ಫಲವಾಗಿ ಆ ದಶಕದ ನಡುವಿನಲ್ಲಿ, ಹೊಸ ಯಂತ್ರವ್ಯವಸ್ಥೆಯನ್ನು ತರುವ ಮುನ್ನ ಕಾರ್ಮಿಕರೊಡನೆ ವಿಚಾರಮಾಡಬೇಕೆಂಬ ಒಪ್ಪಂದಗಳು ಅಲ್ಲಿ ಜಾರಿಗೆ ಬಂದುವು. ಡಾಲ್ ಮತ್ತು ನ್ಯೂಗಾರ್ಡರಿಗೆ 2001ನೆಯ ವರ್ಷದ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು; ಮರುವರ್ಷ, ಕೆಲವೇ ವಾರಗಳ ಅಂತರದಲ್ಲಿ, ಇಬ್ಬರೂ ತೀರಿಕೊಂಡರು. ಅವರ ಭಾಷೆಯ ಸಂತಾನವನ್ನು ಲೋಕವೆಲ್ಲ ಕಲಿಯಿತು. ಕಬ್ಬಿಣದ ಕೆಲಸಗಾರರ ಜೊತೆ ಕುಳಿತು ನ್ಯೂಗಾರ್ಡರು ನಡೆಯಿಸಿದ ಕೆಲಸವನ್ನು ಅಷ್ಟು ಜನ ಕಲಿಯಲಿಲ್ಲ.

ಮತ್ತೆ ನಮ್ಮ ಊರುಗಳಿಗೆ ಬಂದರೆ, ಶಿವಮೊಗ್ಗೆಯಲ್ಲಿ 1946ರಲ್ಲಿ ಸ್ಥಾಪಿತವಾದ ನ್ಯಾಷನಲ್ ಎಜುಕೇಷನ್ ಸೊಸೈಟಿಯು 1980ರಲ್ಲಿ ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಭದ್ರಾವತಿ ತಾಲ್ಲೂಕಿನಲ್ಲಿ ಸ್ಥಾಪಿತವಾಯಿತು. ಈ ಎರಡು ಊರುಗಳ ಎಷ್ಟೋ ಮನೆಗಳಲ್ಲಿ ಅಜ್ಜನು ಕುಲುಮೆಯ ಬಳಿ ದುಡಿದವನು, ಮೊಮ್ಮಗಳು ಪ್ರೋಗ್ರಾಮನ್ನು ಬರೆಯುವವಳು. ಅವಳ ಪ್ರಯೋಗಶಾಲೆಯ ಅಭ್ಯಾಸಗಳಲ್ಲಿ ಕುಲುಮೆಯ ವರ್ಗವನ್ನು ಬರೆಯಿಸಬೇಕೆಂದು ನಾನು ಆಗ್ರಹದಿಂದ ಹೇಳುತ್ತೇನೆ; ಏಕೆಂದರೆ ನಾಯಿ ಬೆಕ್ಕುಗಳ ಉದಾಹರಣೆಯಲ್ಲಿ ಏಳದ ಕಷ್ಟವೊಂದು ಅಲ್ಲಿ ಒಡನೆಯೇ ಏಳುತ್ತದೆ. ಎರಡು ಊರುಗಳ ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಎರಕಶಾಲೆಗಳಿವೆ. ಇಂದಿನ ಎರಕಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವ ಇಂಡಕ್ಷನ್ ಕುಲುಮೆಯು ವಿದ್ಯುತ್ತಿನಿಂದಲೇ ಕಾಯುತ್ತದೆ, ದ್ರವಲೋಹವನ್ನೇ ಸುರಿಯುತ್ತದೆ. ಮೂರನೆಯ ಸಂತಾನವೆಂದು ಅದನ್ನು ‘ಕುಲುಮೆ’ಯ ಕೆಳಗೆ ಬರೆದುಬಿಡಬಹುದೆಂದು ಮೊದಲಿಗೆ ತೋರುತ್ತದೆ. ಆದರೆ ಅದಕ್ಕೆ ಹಾಕುವುದು ಅದಿರನ್ನಲ್ಲ, ಗುಜರಿ ಕಬ್ಬಿಣವನ್ನೂ ಬೀಡುಕಬ್ಬಿಣವನ್ನೂ. ಅಲ್ಲಿ ಅದಿರಿನಿಂದ ಆಮ್ಲಜನಕವನ್ನು ಸೆಳೆಯುವ ಕೆಲಸವೇ ಇಲ್ಲ. ‘ಅದಿರು ತುಂಬು’ ಎಂಬ ಆಜ್ಞೆಗೆ ಅದು ಉತ್ತರ ಕೊಡಲಾರದು. ಆಗ ವಿದ್ಯಾರ್ಥಿನಿಯು ಮೊದಲು ಬರೆದ ವಂಶವೃಕ್ಷವನ್ನು ಅಳಿಸಿ, ‘ಲೋಹವನ್ನು ಕರಗಿಸಿ ಸುರಿಯುವುದು’ ಎಂಬಷ್ಟೇ ಗುಣವುಳ್ಳ ಇನ್ನೂ ಸಾಮಾನ್ಯವಾದ ವರ್ಗವೊಂದನ್ನು ಎಲ್ಲಕ್ಕಿಂತ ಮೇಲೆ ಸ್ಥಾಪಿಸಿ, ಅದಿರಿನ ಕುಲುಮೆಗಳನ್ನು ಅದರ ಒಂದು ಶಾಖೆಯಾಗಿಯೂ ಇಂಡಕ್ಷನ್ ಕುಲುಮೆಯನ್ನು ಇನ್ನೊಂದು ಶಾಖೆಯಾಗಿಯೂ ಪುನಃ ಬರೆಯಬೇಕಾಗುತ್ತದೆ.